ಸ್ಟುಟ್‌ಗಾರ್ಟ್‌ನ ಮೇಯರ್ ರೊಮ್ಮೆಲ್ ಬಗ್ಗೆ ಅಪ್ಪನಿಗೆ

ಸ್ಟುಟ್‌ಗಾರ್ಟ್

ಪ್ರೀತಿಯ ಅಪ್ಪ, ಅಮ್ಮ,

ಇಬ್ಬರಿಗೂ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ವೀಸಾ ಕಾಗದಗಳ ವಿಷಯ ಫೋನಲ್ಲೇ ಮಾತಾಡೋಣ, ಈ ಪತ್ರ ಬೇರೆ ವಿಷಯಕ್ಕೆ.

ಅಪ್ಪ, ಇಲ್ಲಿನ ವಿಮಾನ ನಿಲ್ದಾಣಕ್ಕೆ ರೊಮ್ಮೆಲ್ ಹೆಸರು ಯಾಕಿಟ್ಟಿದ್ದಾರೆ, ಹಿಟ್ಲರನ ಸೇನಾಪತಿಗೆ ಇಷ್ಟು ಮರ್ಯಾದೆ ಯಾಕೆ ಅಂತ ಮೊನ್ನೆ ಸ್ವಲ್ಪ ಸಿಟ್ಟಲ್ಲೇ ಕೇಳಿದಿರಿ. ಆಫ್ರಿಕಾದ ಮರಳುಗಾಡಲ್ಲಿ ನಮ್ಮ ಸೈನಿಕರೂ ಆತನ ವಿರುದ್ಧ ಹೋರಾಡಿ ಸತ್ತಿದ್ದಾರೆ, ನಿಮ್ಮ ಸಿಟ್ಟು ಸರಿಯೇ. ಆದರೆ ಇದು ಆ ಎರ್ವಿನ್ ರೊಮ್ಮೆಲ್ ಅಲ್ಲ ಅಪ್ಪ, ಅವರ ಮಗ ಮ್ಯಾನ್‌ಫ್ರೆಡ್ ರೊಮ್ಮೆಲ್. ಈ ಊರಿನ ಮೇಯರ್ ಆಗಿದ್ದವರು. 2013ರಲ್ಲಿ ತೀರಿಕೊಂಡರು, ಮರುವರ್ಷ ನಿಲ್ದಾಣಕ್ಕೆ ಅವರ ಹೆಸರು ಇಟ್ಟರು. ಫೋನಲ್ಲಿ ಇಷ್ಟನ್ನೇ ಹೇಳಿ ಮುಗಿಸೋಕೆ ಮನಸ್ಸು ಬರಲಿಲ್ಲ.

ಮೊದಲು ಇಲ್ಲಿನ ಮೇಯರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ನಮ್ಮ ಕಡೆ ಕಾರ್ಪೊರೇಟರ್‌ಗಳು ಸೇರಿ ಮೇಯರನ್ನು ಆರಿಸುತ್ತಾರೆ, ವರ್ಷ ತುಂಬೋದರೊಳಗೆ ಇನ್ನೊಬ್ಬರು ಬಂದು ಕೂರುತ್ತಾರೆ, ಕಮಿಷನರ್ ಕೈಯಲ್ಲೇ ಆಡಳಿತ ಇರುತ್ತದೆ ಅಲ್ವಾ? ಜರ್ಮನಿಯ ಈ ರಾಜ್ಯದಲ್ಲಿ ಜನರೇ ನೇರವಾಗಿ ಓಟು ಹಾಕಿ ಮೇಯರನ್ನು ಆರಿಸುತ್ತಾರೆ, ಅದೂ 8 ವರ್ಷಕ್ಕೆ. ಕೌನ್ಸಿಲ್ ಸಭೆ ನಡೆಸೋದೂ ಅವರೇ, ಇಡೀ ಪಾಲಿಕೆಯ ಆಡಳಿತಕ್ಕೆ ಮುಖ್ಯಸ್ಥರೂ ಅವರೇ. ರೊಮ್ಮೆಲ್ 1974ರ ಕೊನೆಯಲ್ಲಿ ಮೊದಲ ಸಲ ಗೆದ್ದರು. ಆಮೇಲೆ 1982ರಲ್ಲಿ, 1990ರಲ್ಲಿ ಮತ್ತೆ ಗೆದ್ದು, 1996ರ ಕೊನೆಗೆ ವಯಸ್ಸಿನ ಮಿತಿ ಮುಟ್ಟಿದ ಮೇಲೆ ಇಳಿದರು. 22 ವರ್ಷ!

ಅವರ ಬಾಲ್ಯ ಓದಿದರೆ ಹೊಟ್ಟೆ ಹಿಂಡುತ್ತದೆ. ಹುಟ್ಟಿದ್ದು 1928ರಲ್ಲಿ, ಇದೇ ಊರಲ್ಲಿ. ಇನ್ನೂ ಸ್ಕೂಲು ಮುಗಿಸದ ಹುಡುಗನನ್ನು ವಿಮಾನ ಹೊಡೆಯುವ ಫಿರಂಗಿ ಪಡೆಗೆ ಹಾಕಿದ್ದರು. 1944ರ ಅಕ್ಟೋಬರ್ 14ರಂದು, ಉಲ್ಮ್ ಹತ್ತಿರದ ಹೆರ್ಲಿಂಗನ್‌ನ ಮನೆಗೆ ಹಿಟ್ಲರ್ ಕಳಿಸಿದ ಇಬ್ಬರು ಜನರಲ್‌ಗಳು ಬಂದರು. ಹಿಟ್ಲರನನ್ನು ಕೊಲ್ಲುವ ಸಂಚಿನಲ್ಲಿ ತಂದೆಯ ಹೆಸರು ಸೇರಿಕೊಂಡಿತ್ತು. ವಿಷ ತಗೊಂಡರೆ ಹೆಂಡತಿ ಮಗನನ್ನು ಮುಟ್ಟುವುದಿಲ್ಲ, ಇಲ್ಲದಿದ್ದರೆ ವಿಚಾರಣೆ ಅಂತ ಅವರ ಮಾತು. ತಂದೆ ಮಗನನ್ನು ಕರೆದು, ಇನ್ನು ಕಾಲು ಗಂಟೆಯಲ್ಲಿ ನಾನು ಇರುವುದಿಲ್ಲ ಅಂತ ಹೇಳಿ ಕಾರು ಹತ್ತಿ ಹೋದರು. ಮಗನಿಗೆ ಆಗ 15 ವರ್ಷ. ಅಕ್ಟೋಬರ್ 18ರಂದು ಉಲ್ಮ್‌ನಲ್ಲಿ ಸರ್ಕಾರಿ ಗೌರವದ ದೊಡ್ಡ ಅಂತ್ಯಕ್ರಿಯೆ ನಡೆಯಿತು, ಯುದ್ಧದ ಗಾಯದಿಂದ ಸತ್ತರು ಅಂತ ದೇಶಕ್ಕೆಲ್ಲ ಸುಳ್ಳು ಹೇಳಿದರು. ಕೊಂದವರೇ ಹೂವಿನ ಹಾರ ಕಳಿಸಿದ್ದನ್ನು ಆ ಹುಡುಗ ಬಾಯಿ ಮುಚ್ಚಿಕೊಂಡು ನೋಡಬೇಕಾಯಿತು.

ಯುದ್ಧ ಮುಗಿದ ಮೇಲೆ ಟ್ಯೂಬಿಂಗನ್‌ನಲ್ಲಿ ಕಾನೂನು ಓದಿದರು, ರಾಜ್ಯ ಸರ್ಕಾರದಲ್ಲಿ ಕೆಲಸಕ್ಕೆ ಸೇರಿದರು, ಹಣಕಾಸು ಖಾತೆಯವರೆಗೆ ಬಂದು ಅಲ್ಲಿಂದ ಮೇಯರ್ ಚುನಾವಣೆಗೆ ನಿಂತರು. ಪಕ್ಷ ಸಿಡಿಯು, ಅಂದರೆ ಇಲ್ಲಿನ ಸಂಪ್ರದಾಯವಾದಿಗಳ ಪಕ್ಷ. ಹಣದ ವಿಷಯದಲ್ಲಿ ತುಂಬಾ ಬಿಗಿ ಮನುಷ್ಯ, ನಗರದ ಸಾಲ ಇಳಿಸಿದರು. ನಾನು ದಿನಾ ಹತ್ತುವ ಎಸ್-ಬಾನ್ ರೈಲು ಶುರುವಾಗಿದ್ದು 1978ರಲ್ಲಿ, ಅವರ ಕಾಲದಲ್ಲೇ.

ಆದರೆ ಇಂಥ ಕೆಲಸಗಳನ್ನು ಬೇರೆ ಒಳ್ಳೆಯ ಮೇಯರ್‌ಗಳೂ ಮಾಡಿದ್ದಾರೆ. ನನಗೆ ಮುಖ್ಯ ಅನಿಸಿದ್ದು 1977.

ಆಗ ಆರ್‌ಎಎಫ್ ಅನ್ನುವ ಎಡಪಂಥೀಯ ಉಗ್ರರ ಗುಂಪು ದೇಶವನ್ನೇ ನಡುಗಿಸಿತ್ತು. ಅವರ ನಾಯಕರು ಇದೇ ಊರಿನ ಸ್ಟಾಮ್‌ಹೈಮ್ ಜೈಲಿನಲ್ಲಿದ್ದರು. ಅವರನ್ನು ಬಿಡಿಸೋಕೆ ಉದ್ಯಮಿಗಳ ಸಂಘದ ಮುಖ್ಯಸ್ಥ ಹಾನ್ಸ್ ಮಾರ್ಟಿನ್ ಶ್ಲೇಯರ್ ಅವರನ್ನು ಅಪಹರಿಸಿದರು. ಅವರ ಪರವಾಗಿ ಪ್ಯಾಲೆಸ್ಟೀನಿ ಉಗ್ರರು ಒಂದು ವಿಮಾನವನ್ನೂ ಅಪಹರಿಸಿದರು. ಸರ್ಕಾರ ಬಗ್ಗಲಿಲ್ಲ. ಅಕ್ಟೋಬರ್ 18ರ ಬೆಳಗ್ಗೆ ಜೈಲಿನಲ್ಲಿ ಬಾಡರ್, ಎನ್ಸ್ಲಿನ್, ರಾಸ್ಪೆ ಮೂವರೂ ಆತ್ಮಹತ್ಯೆ ಮಾಡಿಕೊಂಡರು. ಮರುದಿನ ಶ್ಲೇಯರ್ ಶವ ಕಾರಿನ ಡಿಕ್ಕಿಯಲ್ಲಿ ಸಿಕ್ಕಿತು. ಜನರ ಸಿಟ್ಟು ಹೇಗಿದ್ದಿರಬೇಕು ಯೋಚನೆ ಮಾಡಿ. ಆ ಮೂವರನ್ನು ನಮ್ಮ ಊರಿನ ಸ್ಮಶಾನದಲ್ಲಿ ಹೂಳಬಾರದು ಅಂತ ಗಲಾಟೆ ಎದ್ದಿತು. ಎನ್ಸ್ಲಿನ್ ಅವರ ತಂದೆ ಇಲ್ಲೇ ಪಾದ್ರಿ. ಮೂವರನ್ನೂ ಒಟ್ಟಿಗೆ ಹೂಳಲು ಜಾಗ ಬೇಕು ಅಂತ ಅವರ ಕಡೆಯವರು ಕೇಳಿದ್ದರು. ಸ್ಮಶಾನ ಪಾಲಿಕೆಯದು, ತೀರ್ಮಾನ ಮೇಯರ್ ತಲೆ ಮೇಲೆ ಬಂತು.

ರೊಮ್ಮೆಲ್ ಒಪ್ಪಿದರು. ಡೋರ್ನ್‌ಹಾಲ್ಡೆನ್ ಸ್ಮಶಾನದಲ್ಲಿ ಜಾಗ ಕೊಟ್ಟರು. ಸಾವು ಬಂದ ಮೇಲೆ ದ್ವೇಷ ಮುಗಿಯಲೇಬೇಕು, ಮೊದಲ ದರ್ಜೆ ಎರಡನೇ ದರ್ಜೆ ಅಂತ ಸ್ಮಶಾನ ಇರಬಾರದು ಅನ್ನೋದು ಅವರ ನಿಲುವು. ಬೈಗುಳದ ಪತ್ರಗಳು ರಾಶಿ ಬಿದ್ದವು, ಸ್ವಂತ ಪಕ್ಷದವರೇ ತಿರುಗಿಬಿದ್ದರು. ಅದೇ ವರ್ಷ ಇನ್ನೊಂದು ರಗಳೆಯೂ ಇತ್ತು: ಎನ್ಸ್ಲಿನ್ ಹಲ್ಲಿನ ಚಿಕಿತ್ಸೆಗೆ ದುಡ್ಡು ಎತ್ತೋಕೆ ಸಹಾಯ ಮಾಡಿದರು ಅಂತ ಇಲ್ಲಿನ ನಾಟಕ ನಿರ್ದೇಶಕ ಕ್ಲಾಸ್ ಪೈಮನ್ ಅವರನ್ನು ಕೆಲಸದಿಂದ ತೆಗೆಯಬೇಕು ಅಂತ ಮುಖ್ಯಮಂತ್ರಿ ಫಿಲ್ಬಿಂಗರ್ ಕಡೆಯಿಂದ ಒತ್ತಡ. ಅಲ್ಲೂ ರೊಮ್ಮೆಲ್ ನಿರ್ದೇಶಕರ ಪರ ನಿಂತರು. ಇದೇ ಫಿಲ್ಬಿಂಗರ್ ಕೈಕೆಳಗೆ ಒಂದು ಕಾಲಕ್ಕೆ ಕೆಲಸ ಮಾಡಿದ್ದವರು ಅವರು, ನೆನಪಿರಲಿ. 1978ರಲ್ಲಿ ಫಿಲ್ಬಿಂಗರ್ ಇಳಿದಾಗ ಮುಖ್ಯಮಂತ್ರಿ ಸ್ಥಾನಕ್ಕೆ ರೊಮ್ಮೆಲ್ ಹೆಸರೂ ಕೇಳಿಬಂತು, ಆದರೆ ಆದದ್ದು ಲೋಥರ್ ಶ್ಪೇಟ್.

ಅಪ್ಪ, ಆ ದಿನಾಂಕ ಗಮನಿಸಿದಿರಾ? ತಂದೆಯ ಸುಳ್ಳು ಅಂತ್ಯಕ್ರಿಯೆ ಅಕ್ಟೋಬರ್ 18, ಸ್ಟಾಮ್‌ಹೈಮ್ ಸಾವುಗಳೂ ಅಕ್ಟೋಬರ್ 18, ನಡುವೆ 33 ವರ್ಷ. ಸುಮ್ನೆ ಕಾಕತಾಳೀಯ ಇರಬಹುದು. ಆದರೆ ಒಂದು ಸರ್ಕಾರ ಹೆಣವನ್ನೂ ತನ್ನ ಕೆಲಸಕ್ಕೆ ಬಳಸಿಕೊಳ್ಳುವುದನ್ನು 15ನೇ ವಯಸ್ಸಿಗೇ ಕಣ್ಣಾರೆ ನೋಡಿದವರಿಗೆ, ಸತ್ತವರನ್ನು ಶಿಕ್ಷಿಸಬೇಕು ಅನ್ನುವ ಕೂಗಿಗೆ ತಲೆಬಾಗಲು ಆಗುತ್ತಿರಲಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ತಂದೆಯ ಶತ್ರುಗಳ ಮಕ್ಕಳ ಜೊತೆಗೂ ಅವರು ಸ್ನೇಹ ಬೆಳೆಸಿದರು. ಬ್ರಿಟನ್ನಿನ ಸೇನಾಪತಿ ಮಾಂಟ್‌ಗೊಮರಿಯ ಮಗ, ಅಮೆರಿಕದ ಜನರಲ್ ಪ್ಯಾಟನ್‌ರ ಮಗ ಇಬ್ಬರೂ ಅವರ ಗೆಳೆಯರು. ಆ ಪ್ಯಾಟನ್ ಮಗನೂ ಸೇನೆಯಲ್ಲಿದ್ದು ಸ್ಟುಟ್‌ಗಾರ್ಟ್ ಕಡೆಗೇ ಪೋಸ್ಟಿಂಗ್ ಆಗಿ ಬಂದಿದ್ದರು, ಇಬ್ಬರ ಹುಟ್ಟುಹಬ್ಬವೂ ಡಿಸೆಂಬರ್ 24.

ಇನ್ನೊಂದು ನನಗೆ ತೀರಾ ಹತ್ತಿರದ ವಿಷಯ. 1989ರಲ್ಲಿ ಇಲ್ಲಿನ ಗೈಸ್‌ಬುರ್ಗ್ ಸೇತುವೆ ಮೇಲೆ, ಆಶ್ರಯ ಕೇಳಿ ಆಫ್ರಿಕಾದಿಂದ ಬಂದಿದ್ದ ಒಬ್ಬ ಇಬ್ಬರು ಪೊಲೀಸರನ್ನು ಇರಿದು ಕೊಂದ, ಅವನೂ ಗುಂಡೇಟಿಗೆ ಸತ್ತ. ಊರು ಕುದಿಯುತ್ತಿತ್ತು. ಒಬ್ಬ ಮಾಡಿದ್ದನ್ನು ವಿದೇಶಿಯರೆಲ್ಲರ ತಲೆಗೆ ಕಟ್ಟಬೇಡಿ ಅಂತ ರೊಮ್ಮೆಲ್ ಬಹಿರಂಗವಾಗಿ ಹೇಳಿದರು. ಸಮಾಧಾನದ ಕಾಲದಲ್ಲಿ ಇದನ್ನು ಹೇಳೋದು ಸುಲಭ. ಪೊಲೀಸರ ಹೆಣ ಮುಂದಿರುವಾಗ, ಓಟು ಕೇಳಿ ಬದುಕುವ ಮನುಷ್ಯ ಹೇಳೋದು ಬೇರೆ. ಮುಂದಿನ ವರ್ಷವೇ ಚುನಾವಣೆ ಇತ್ತು, ಜನ ಮತ್ತೆ ಅವರನ್ನೇ ಗೆಲ್ಲಿಸಿದರು! ಇವತ್ತು ಈ ಊರಲ್ಲಿ ನೂರರಲ್ಲಿ 40ಕ್ಕಿಂತ ಜಾಸ್ತಿ ಜನರ ಬೇರು ಬೇರೆ ದೇಶದಲ್ಲಿದೆ, ಅವರಲ್ಲಿ ನಿಮ್ಮ ಮಗಳೂ ಒಬ್ಬಳು. ನಾನು ಇಲ್ಲಿ ತಲೆ ಎತ್ತಿ ಓಡಾಡುವುದರಲ್ಲಿ ಅವರ ಪಾಲೂ ಇದೆ ಅಂತ ನಾನು ನಂಬಿದ್ದೇನೆ.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಬಂತು, ಆದರೂ ಪುಸ್ತಕ, ಲೇಖನ ಬರೆಯುವುದನ್ನು ನಿಲ್ಲಿಸಲಿಲ್ಲ.

ಉಲ್ಮ್ ಇಲ್ಲಿಂದ ರೈಲಲ್ಲಿ ಸುಮಾರು ಒಂದು ಗಂಟೆ, ಹೆರ್ಲಿಂಗನ್ ಅದರ ಪಕ್ಕದಲ್ಲೇ. ಅಪ್ಪ, ನೀವಿಬ್ಬರೂ ಇಲ್ಲಿಗೆ ಬಂದಾಗ ಅದನ್ನು ನೋಡುವ ಆಸೆ ಇದ್ದರೆ ಹೇಳಿ, ಅದಕ್ಕೆ ತಕ್ಕ ಹಾಗೆ ರಜೆ ಹಾಕುತ್ತೇನೆ. ಅಮ್ಮ, ಮಂಡಿ ನೋವಿಗೆ ಡಾಕ್ಟರ್ ಬರೆದುಕೊಟ್ಟ ಮಾತ್ರೆಗಳ ಚೀಟಿಯನ್ನು ಕೈಚೀಲದಲ್ಲೇ ಇಟ್ಟುಕೋ, ದೊಡ್ಡ ಸೂಟ್‌ಕೇಸ್‌ಗೆ ಹಾಕಬೇಡ.

ನಿಮ್ಮ,
ಪುಟ್ಟಿ