ಶಾಸಕರೇ, ತೊನ್ನಿನ ಚಿಕಿತ್ಸೆಯ ಯಂತ್ರ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರಲಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಉಡುಪಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬೀಡಿ ಕಟ್ಟುವವಳು. ಐದನೇ ಕ್ಲಾಸಿನಲ್ಲಿರುವ ನನ್ನ ಮಗಳಿಗೆ ತೊನ್ನು ಇದೆ. ತಾಲ್ಲೂಕು ಆಸ್ಪತ್ರೆಗೆ ಫೋಟೋಥೆರಪಿ, ಅಂದರೆ ಬೆಳಕಿನ ಚಿಕಿತ್ಸೆಯ ಯಂತ್ರ ಬೇಕು ಅಂತ ಗ್ರಾಮಸಭೆಯಲ್ಲಿ ಕೇಳಿದೆ, ನಿಮ್ಮ ಕೈಗೇ ಅರ್ಜಿ ಕೊಟ್ಟೆ. "ನೋಡುವ ಅಮ್ಮ" ಅಂದಿರಿ. ಇವತ್ತಿನವರೆಗೆ ಒಂದು ಮಾತಿಲ್ಲ.

ಈಗ ಎಲ್ಲರೂ ಓದುವ ಹಾಗೆ ಬರೆಯಲು ಕಾರಣ ಶಾಲೆಯಲ್ಲಿ ಆದದ್ದು. ಬಿಸಿಯೂಟದ ಹೊತ್ತಿಗೆ ಮಗಳನ್ನು ಸಾಲಿನಿಂದ ಎಬ್ಬಿಸಿ ಜಗಲಿಯ ತುದಿಯಲ್ಲಿ ಒಬ್ಬಳನ್ನೇ ಕೂರಿಸಿದರು. ಯಾರೋ ಪೋಷಕರು ದೂರು ಕೊಟ್ಟರಂತೆ. ಕೇಳಲು ಹೋದರೆ, "ಅಂಟುರೋಗ ಅಲ್ಲ ಅಂತ ಡಾಕ್ಟರ ಸರ್ಟಿಫಿಕೇಟ್ ತನ್ನಿ" ಅಂದರು. ತಂದುಕೊಟ್ಟೆ. ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು! ಮಗುವಿನ ಹೆಸರು, ಕಾಯಿಲೆಯ ಹೆಸರು ಎಲ್ಲ ಸೇರಿ. ಹೋಗುವವರು ಬರುವವರು ನಿಂತು ಓದಿದರು. ಅವತ್ತಿನಿಂದ ಈ ಸೆಕೆಯಲ್ಲೂ ಅವಳಿಗೆ ತುಂಬು ತೋಳಿನ ಅಂಗಿಯೇ ಬೇಕು. ಹತ್ತು ವರ್ಷದ ಮಗು ಅದು, ಶಾಸಕರೇ. ಇದನ್ನು ನಾನು ಕ್ಷಮಿಸುವುದಿಲ್ಲ.

ತೊನ್ನು ಮುಟ್ಟಿದರೆ ಬರುವುದಿಲ್ಲ. ಜೊತೆಗೆ ಉಂಡರೂ ಬರುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿ ಬೀಳುತ್ತದೆ. ಅವು ಸತ್ತ ಜಾಗ ಬೆಳ್ಳಗಾಗುತ್ತದೆ, ಅಷ್ಟೇ. ಕುಷ್ಠಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆದರೆ ನನಗೆ ಸಿಕ್ಕ ಮಾತೇನು? ಬಸುರಿಯಾಗಿದ್ದಾಗ ಬಂಗುಡೆ ಸಾರು ಉಂಡು ಹಾಲು ಕುಡಿದೆ, ಅದಕ್ಕೇ ಹೀಗಾಯಿತು ಅಂತ. ಮೀನು, ಹಾಲು ಸೇರಿದರೆ ತೊನ್ನು ಬರುವುದಿಲ್ಲ ಅಂತ ಡಾಕ್ಟರು ಹೇಳುವವರೆಗೆ ಮಗುವಿಗೆ ಮೀನನ್ನೇ ಕೊಡಲಿಲ್ಲ. ನಾಗದೋಷ ಅಂದರು, ಆಶ್ಲೇಷ ಬಲಿ ಮಾಡಿಸಿದೆವು. ನಾಗನ ಮೇಲೆ ನನಗೆ ಭಕ್ತಿ ಇದೆ, ಅದು ಇದ್ದೇ ಇರುತ್ತದೆ. ಆದರೆ ಚಿಕಿತ್ಸೆ ಆಸ್ಪತ್ರೆಯಲ್ಲೇ ಆಗಬೇಕು ಅಲ್ವಾ?

ಚಿಕಿತ್ಸೆ ಇದೆ. ಹಚ್ಚುವ ಮುಲಾಮು ಇದೆ, ಜೊತೆಗೆ ನ್ಯಾರೋಬ್ಯಾಂಡ್ ಯುವಿಬಿ ಅನ್ನುವ ಬೆಳಕಿನ ಚಿಕಿತ್ಸೆ. ವಾರಕ್ಕೆ ಎರಡು ಮೂರು ಸಲದಂತೆ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. ಬೇಗ ಶುರು ಮಾಡಿದರೆ ಬಣ್ಣ ಮರಳುವ ಸಾಧ್ಯತೆ ಜಾಸ್ತಿ. ಮುಖದ ಮಚ್ಚೆ ಚೆನ್ನಾಗಿ ಸ್ಪಂದಿಸುತ್ತದೆ, ಬೆರಳ ತುದಿಯದ್ದು ಹಟಮಾರಿ. ನನ್ನ ಮಗಳಿಗೆ ಈಗ ಕೆನ್ನೆಯಲ್ಲಿ, ಮೊಣಕೈಯಲ್ಲಿ ಇದೆ. ಯಂತ್ರ ಇದ್ದರೆ ಈಗಲೇ ಇರಬೇಕು.

ನಮಗೆ ಇದು ಸಿಗುವುದು ದೂರದ ಪೇಟೆಯಲ್ಲಿ, ದುಡ್ಡು ಕೊಟ್ಟು. ಬೆಳಕಿಗೆ ನಿಲ್ಲುವುದು ಕೆಲವೇ ನಿಮಿಷ, ಹೋಗಿ ಬರುವಷ್ಟರಲ್ಲಿ ದಿನ ಮುಗಿಯುತ್ತದೆ. ಅವಳಿಗೆ ಶಾಲೆ ಇಲ್ಲ, ನನಗೆ ಬೀಡಿ ಇಲ್ಲ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ ಅನ್ನುತ್ತೀರಿ. ಅದು ಸರ್ಕಾರಿ ಬಸ್ಸಿಗೆ. ನಮ್ಮ ದಾರಿಯಲ್ಲಿ ಓಡುವುದೆಲ್ಲ ಖಾಸಗಿ ಬಸ್ಸು, ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಕೈಯಲ್ಲಿ ದುಡ್ಡಿಲ್ಲದ ವಾರ ಚಿಕಿತ್ಸೆ ತಪ್ಪುತ್ತದೆ.

ಯಂತ್ರ ಕೊಡಿಸಿ, ಅದನ್ನು ನಡೆಸಲು ತರಬೇತಿ ಆದವರನ್ನು ಕೊಡಿ, ವಾರದಲ್ಲಿ ಒಂದು ದಿನವಾದರೂ ಚರ್ಮದ ಡಾಕ್ಟರು ಬರಲಿ. ನಿಮ್ಮ ಪ್ರದೇಶಾಭಿವೃದ್ಧಿ ನಿಧಿಯಿಂದಲೋ, ಬೇರೆ ಎಲ್ಲಿಂದಲೋ, ಅದು ನಿಮಗೇ ಗೊತ್ತು. ತೊನ್ನು ಇರುವ ಯಾವ ಮಗುವನ್ನೂ ಪ್ರತ್ಯೇಕ ಕೂರಿಸಬಾರದು, ಯಾರಿಂದಲೂ ಸರ್ಟಿಫಿಕೇಟ್ ಕೇಳಬಾರದು ಅಂತ ತಾಲ್ಲೂಕಿನ ಎಲ್ಲ ಶಾಲೆಗಳಿಗೆ ಸುತ್ತೋಲೆ ಹೋಗಲಿ. ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ನೀವೇ ಈ ವಿಷಯ ಎತ್ತಿ. "ನೋಡುವ" ಅಂತ ಇನ್ನೊಮ್ಮೆ ಹೇಳಬೇಡಿ. ಯಂತ್ರ ಯಾವ ತಿಂಗಳು ಬರುತ್ತದೆ, ಅದನ್ನು ಬರವಣಿಗೆಯಲ್ಲಿ ತಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತಾಯಿ