ಕಷಾಯದ ಚರಟಕ್ಕೆ ಬೆಂಕಿ ಹಚ್ಚಬೇಡಿ

ಮಾನ್ಯ ಸಂಪಾದಕರೇ,

ಗಿಡಮೂಲಿಕೆ ಕುದಿಸಿ ಕಷಾಯ ಸೋಸಿದ ಮೇಲೆ ಉಳಿಯುವ ಬೇರು, ತೊಗಟೆ, ಎಲೆಯ ಚರಟ ಕೊನೆಗೆ ತಿಪ್ಪೆ ಸೇರುತ್ತದೆ. ನಮ್ಮ ಓಣಿಯ ಹಿಂದಿನ ಬಯಲಿನಲ್ಲೂ ಒಂದು ಔಷಧಿ ಘಟಕದವರು ಅದನ್ನು ಸುರಿಯುತ್ತಾರೆ. ಮಳೆ ಬಂದರೆ ಹುಳಿ ನಾತ, ಬಿಸಿಲಿದ್ದರೆ ಅದಕ್ಕೆ ಬೆಂಕಿ ಹಚ್ಚಿದ ಹೊಗೆ. ನಾತಕ್ಕಿಂತ ನನಗೆ ಜಾಸ್ತಿ ಸಂಕಟ ತರುವುದು ಅದರ ಜೊತೆ ಸುಟ್ಟುಹೋಗುವ ಸಾರ.

ನೀರಿನಲ್ಲಿ ಕುದಿಸಿದಾಗ ನೀರಿಗೆ ಬಿಡುವ ಅಂಶವಷ್ಟೇ ಕಷಾಯಕ್ಕೆ ಬರುತ್ತದೆ. ಫ್ಲೇವನಾಯ್ಡ್ ಎಂಬ ಸಸ್ಯಜನ್ಯ ರಾಸಾಯನಿಕಗಳಂಥ ಎಷ್ಟೋ ಅಂಶಗಳು ನಾರಿನಲ್ಲೇ ಉಳಿದುಬಿಡುತ್ತವೆ. ಎಥೆನಾಲ್ (ಮದ್ಯಸಾರ) ಬೆರೆಸಿದ ನೀರಿನಲ್ಲಿ ಮತ್ತೆ ನೆನೆಸಿದರೆ ಅವುಗಳಲ್ಲಿ ಬಹಳಷ್ಟನ್ನು ಹೊರತೆಗೆಯಬಹುದು. ಇವುಗಳಲ್ಲಿ ಹಲವು ಆ್ಯಂಟಿಆಕ್ಸಿಡೆಂಟ್‌ಗಳು. ಅಂದರೆ ಎಣ್ಣೆ ಪದಾರ್ಥ ಗಾಳಿ ತಾಗಿ ಕಮಟಾಗುವುದನ್ನು ನಿಧಾನ ಮಾಡುತ್ತವೆ. ಈ ಕೆಲಸಕ್ಕೆ ಬಿಎಚ್‌ಎ, ಬಿಎಚ್‌ಟಿ ಎಂಬ ಕೃತಕ ರಾಸಾಯನಿಕಗಳೂ ಬಳಕೆಯಲ್ಲಿವೆ. ಶೇಂಗಾ ಎಣ್ಣೆ, ಶೇಂಗಾ ಚಟ್ನಿ ಇಲ್ಲದೆ ಊಟ ಸೇರದ ನಮ್ಮ ಭಾಗಕ್ಕೆ ಇದು ದೂರದ ಮಾತೇನಲ್ಲ, ಅಲ್ವಾ?

ಪರೀಕ್ಷೆಯೂ ಕಷ್ಟದ್ದಲ್ಲ. ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ಸಾರ ಹಾಕಿದರೆ ಬಣ್ಣ ಇಳಿದು ಹಳದಿಗೆ ತಿರುಗುತ್ತದೆ. ಎಷ್ಟು ಇಳಿಯಿತು ಎಂದು ಅಳೆದರೆ ಸಾರದ ಶಕ್ತಿ ಗೊತ್ತಾಗುತ್ತದೆ. ಇನ್ನು ಸಾರ ತೆಗೆಯುವುದು ನಮಗೆ ಹೊಸ ವಿದ್ಯೆಯೇ? ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯಿಂದ ಓಲಿಯೋರೆಸಿನ್ ಎಂಬ ಕೆಂಪು ಬಣ್ಣದ ಗಟ್ಟಿ ಸಾರ ತೆಗೆಯುತ್ತಲೇ ಇದ್ದಾರೆ.

ತೊಡಕಿರುವುದು ಒಣಗಿಸುವುದರಲ್ಲಿ. ಹಸಿ ಚರಟ ಬಿಟ್ಟರೆ ಬೇಗ ಬೂಷ್ಟು ಹಿಡಿಯುತ್ತದೆ. ಆಮೇಲೆ ಸಾರವೂ ಹಾಳು, ಬೂಷ್ಟಿನ ವಿಷವೂ ಸೇರಬಹುದು. ಸುಡುಬಿಸಿಲಿಗೆ ಹರವಿದರೂ ಕೆಲವು ಅಂಶ ಕೆಡುತ್ತವೆ. ಇಷ್ಟೆಲ್ಲ ನೋಡಿಕೊಳ್ಳಲು ಸಣ್ಣ ಘಟಕದವರಿಗೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ಅವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಗದಗಿನಲ್ಲೊಂದು, ಹುಬ್ಬಳ್ಳಿಯಲ್ಲೊಂದು ಸಾಮೂಹಿಕ ಒಣಗಿಸುವ ಶೆಡ್ ಅನ್ನು ಸರ್ಕಾರ ಮಾಡಿಕೊಡಲಿ. ದಶಮೂಲದ ಚರಟ ಬೇರೆ, ಅಶ್ವಗಂಧದ್ದು ಬೇರೆ ಎಂದು ಚೀಲಕ್ಕೆ ಹೆಸರು ಬರೆದು ತರುವಂತೆ ಹೇಳಲಿ. ಎಲ್ಲ ಬೆರೆಸಿಬಿಟ್ಟರೆ ಯಾವುದರಲ್ಲಿ ಏನಿದೆ ಎಂದು ತಿಳಿಯುವುದೇ ಇಲ್ಲ.

ಕಪ್ಪತಗುಡ್ಡ ನಮ್ಮ ಜಿಲ್ಲೆಯಲ್ಲೇ ಇದೆ. ಗಿಡಮೂಲಿಕೆಗೆ ಹೆಸರಾದ ಆ ಗುಡ್ಡ ಉಳಿಯಲಿ ಎಂದು ಜನ ಬೀದಿಗಿಳಿದು ಹೋರಾಡಿದರು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಬೇರಿಗಾಗಿ ಅಗೆದರೆ ಗಿಡವೇ ಹೋಗುತ್ತದೆ. ಹಾಗೆ ಗಿಡ ಕಳೆದುಕೊಂಡು ತಂದ ಬೇರನ್ನು ಅರ್ಧ ಬಳಸಿ ಸುಡುವುದು ನನಗಂತೂ ಒಪ್ಪಿಗೆಯಿಲ್ಲ.

ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ಹಳೇ ಚರಟ ಕುದಿಸಿ ಕುಡಿಯಬೇಡಿ. ಭಾರಲೋಹ, ಕೀಟನಾಶಕದ ಉಳಿಕೆ ಪರೀಕ್ಷೆ ಆಗದೆ, ಆಹಾರ ಸುರಕ್ಷತಾ ಇಲಾಖೆಯ ಒಪ್ಪಿಗೆ ಸಿಗದೆ ಆ ಸಾರ ತಿನ್ನುವ ವಸ್ತುವಿಗೆ ಸೇರಬಾರದು.

ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಕರ್ನಾಟಕ ವಿಶ್ವವಿದ್ಯಾಲಯವಿದೆ. ಈ ಮಳೆಗಾಲ ಮುಗಿಯುವುದರೊಳಗೆ ಅವರು ಹತ್ತಿರದ ಘಟಕಗಳಿಂದ ಚರಟದ ಮಾದರಿ ತರಿಸಿ ಪರೀಕ್ಷಿಸಲಿ. ಬಂದ ಫಲಿತಾಂಶವನ್ನು ಕನ್ನಡದಲ್ಲೇ ಘಟಕದವರ ಕೈಗೆ ಕೊಡಲಿ. ಶೆಡ್ಡಿಗೆ ಜಾಗ ಕೊಡುವ ವಿಷಯವನ್ನು ಜಿಲ್ಲಾಡಳಿತ ಈಗಲೇ ಎತ್ತಿಕೊಳ್ಳಲಿ.

— ಒಬ್ಬ ಓದುಗ, ಬೆಟಗೇರಿ, ಗದಗ