ಕಿಲೋಮೀಟರ್ ಸಾಕು, ಗಂಟೆ ಹೇಳಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ 14 ಸಾವಿರ ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 900. ಹಾಗಾದರೆ ಹದಿನೈದೂವರೆ ಗಂಟೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವ ನಮ್ಮ ಬಡಾವಣೆಯ ಹಿರಿಯರು ಹೀಗೆ ಭಾಗಾಕಾರ ಮಾಡಿಕೊಂಡು, ಸರಿಯೇ ಎಂದು ಕೇಳಲು ನನ್ನ ಬಳಿ ಬರುತ್ತಾರೆ. ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದ ನನಗೆ ಉಳಿದಿರುವ ತರಗತಿ ಇದೊಂದೇ. ಭಾಗಾಕಾರವೇನೋ ಸರಿ, ಆದರೆ ವಿಮಾನ ಹಾಗೆ ಹಾರುವುದಿಲ್ಲ.

ಆ 14 ಸಾವಿರ, ಗೋಳದ ಮೇಲೆ ದಾರ ಬಿಗಿಯಾಗಿ ಹಿಡಿದರೆ ಸಿಗುವ ಅಳತೆ. ದಾರವು ನೇಪಾಳ, ಟಿಬೆಟ್, ಸೈಬೀರಿಯ ದಾಟಿ 71 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಆರ್ಕ್ಟಿಕ್ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲೆ ಇಳಿದುಬರುತ್ತದೆ. ಗೋಡೆಯ ನಕ್ಷೆ ನೋಡಿಯೇ ಬೆಳೆದವರು ಇದನ್ನು ನಂಬುವುದೂ ಇಲ್ಲ! ಟಿಬೆಟ್ ಮೇಲೆ ಹಾರುವುದನ್ನು ವಿಮಾನಗಳು ಸಾಮಾನ್ಯವಾಗಿ ತಪ್ಪಿಸುತ್ತವೆ. ಒಳಗಿನ ಗಾಳಿಯ ಒತ್ತಡ ಕುಸಿದರೆ ಕೂಡಲೇ ಹತ್ತು ಸಾವಿರ ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ.

ದಾರಿ ಉದ್ದವಾದರೆ ಹೊತ್ತು ಹೆಚ್ಚುತ್ತದೆ ಎಂದೂ ಹೇಳುವಂತಿಲ್ಲ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಸಾಗರದ ಮೇಲೆ ಹಾರಿಸಿತು. ದಾರಿ ಸುಮಾರು 1,400 ಕಿ.ಮೀ. ಬೆಳೆದು 15,300ಕ್ಕೆ ಮುಟ್ಟಿತು. ಆದರೂ ಹದಿನಾಲ್ಕೂವರೆ ಗಂಟೆಗೆ ತಲುಪಿ, ಹಳೆಯ ದಾರಿಗಿಂತ ಎರಡು ಗಂಟೆಯಷ್ಟು ಉಳಿಸಿತು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿ ಬೆನ್ನ ಹಿಂದಿನಿಂದ ನೂಕಿತ್ತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿದಾಗ ಇದಕ್ಕೆ ತದ್ವಿರುದ್ಧ: ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿಯಬೇಕಾಯಿತು. ಊರುಗಳ ನಡುವಿನ ದೂರ ಮಾತ್ರ ಒಂದು ಮೊಳವೂ ಬದಲಾಗಿರಲಿಲ್ಲ.

ಇನ್ನು ಟಿಕೆಟ್ಟಿನ ಗಡಿಯಾರ. ಚಳಿಗಾಲದಲ್ಲಿ ನಮಗೂ ಕ್ಯಾಲಿಫೋರ್ನಿಯಕ್ಕೂ ಹದಿಮೂರೂವರೆ ಗಂಟೆಯ ಅಂತರ. ಮಾರ್ಚ್‌ನಿಂದ ನವೆಂಬರ್‌ವರೆಗೆ ಹನ್ನೆರಡೂವರೆ. ಚಳಿಗಾಲದ ಟಿಕೆಟ್ಟಿನಲ್ಲಿ ಮಧ್ಯಾಹ್ನ 2.30ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ತಲುಪುವುದು ಎಂದು ಅಚ್ಚಾಗಿದ್ದರೆ ಅದರೊಳಗೆ ಹದಿನಾರು ಗಂಟೆ ಅಡಗಿರುತ್ತದೆ. ಸಂಜೆಗೆ ಇಳಿಯುತ್ತೇವಲ್ಲ ಎಂದು ರಾತ್ರಿಯ ಮಾತ್ರೆಗಳನ್ನು ಕೈಚೀಲದ ಬದಲು ದೊಡ್ಡ ಸೂಟ್‌ಕೇಸಿಗೆ ತುಂಬಿ ಕಳಿಸಿದ ದಂಪತಿ ನಮ್ಮ ಬೀದಿಯಲ್ಲೇ ಇದ್ದಾರೆ. ಇನ್ಸುಲಿನ್ ಚುಚ್ಚಿಕೊಳ್ಳುವವರ ಪಾಡು ಕೇಳಲೇಬೇಡಿ. ಬರುವಾಗ ಬೇರೆಯದೇ ಗೊಂದಲ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಮೊದಲ ನೇರ ವಿಮಾನ, ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿದದ್ದು 11ರ ಬೆಳಗಿನ ಜಾವ. ಹಾರಿದ್ದು ಹದಿನೇಳು ಗಂಟೆಯ ಆಸುಪಾಸು ಮಾತ್ರ.

ಆದ್ದರಿಂದ ಟಿಕೆಟ್ ಮಾಡಿಸಿಕೊಡುವ ಏಜೆಂಟರಲ್ಲಿ ನನ್ನ ಕೋರಿಕೆ ಇಷ್ಟೇ: ಮನೆಯವರ ಕೈಗೆ ಕೊಡುವ ಹಾಳೆಯ ಮೇಲೆ, ನಡುವೆ ಕಾಯುವ ಹೊತ್ತನ್ನೂ ಸೇರಿಸಿ ಒಟ್ಟು ಎಷ್ಟು ಗಂಟೆ ಎಂದು ಕನ್ನಡದಲ್ಲಿ ಬರೆದುಕೊಡಿ. ಹೋಗುವ ಗಂಟೆ ಬೇರೆ, ಬರುವ ಗಂಟೆ ಬೇರೆ. ಹೊಸ ವಿಮಾನ ಮಾರ್ಗದ ಸುದ್ದಿ ಹಾಕುವಾಗ ಪತ್ರಿಕೆಗಳೂ ಇವೆರಡನ್ನು ಮೊದಲು ಕೊಡಲಿ. ಕಿಲೋಮೀಟರ್ ಬೇಕೇ ಬೇಕೆಂದರೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರಲಿ.

– ನಿವೃತ್ತ ಭೂಗೋಳ ಶಿಕ್ಷಕಿ, ತುಮಕೂರು